ಎರಡು ನುಡಿಗಳಲ್ಲಿ ಹಾಡು ಕಟ್ಟಿದ ಕೇಟ್ ಮೆಕ್‌ಗ್ಯಾರಿಗಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ಸಂಗೀತ ಪುಟದಲ್ಲಿ ಕೆನಡಾದ ಗಾಯಕಿ ಕೇಟ್ ಮೆಕ್‌ಗ್ಯಾರಿಗಲ್ ಅವರ ಪ್ರಸ್ತಾಪ ಒಂದೇ ಸಾಲಿನಲ್ಲಿ ಬಂದಿತ್ತು. ಅವರು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಹಾಡು ಕಟ್ಟಿದವರು, ಕೊನೆಯ ವರ್ಷಗಳಲ್ಲಿ ಕ್ಯಾನ್ಸರಿನೊಡನೆ ಬದುಕಿದವರು ಎಂದಷ್ಟೇ ಅಲ್ಲಿ ಹೇಳಲಾಗಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಈ ಗಾಯಕಿ ಎಲ್ಲಿಯವರು, ಸಂಗೀತವನ್ನು ಯಾರಲ್ಲಿ ಕಲಿತರು, ಹೇಗೆ ಬೆಳಕಿಗೆ ಬಂದರು?
— ಸಂಗೀತ ಶಿಕ್ಷಕಿ, ಸಾಗರ

ಉತ್ತರ: ಕೇಟ್ ಹುಟ್ಟಿದ್ದು 1946ರ ಫೆಬ್ರವರಿ 6ರಂದು ಮಾಂಟ್ರಿಯಲ್ ನಗರದಲ್ಲಿ. ಬೆಳೆದದ್ದು ಆ ನಗರದ ಉತ್ತರಕ್ಕೆ ಲಾರೆನ್ಷಿಯನ್ ಬೆಟ್ಟಸಾಲಿನಲ್ಲಿರುವ ಸ್ಯಾಂ ಸೋವರ್ ಎಂಬ ಊರಿನಲ್ಲಿ. ತಂದೆ ಐರಿಷ್ ಮೂಲದವರು, ತಾಯಿ ಫ್ರೆಂಚ್ ಕೆನಡಿಯನ್. ಮನೆಮಂದಿಯೆಲ್ಲ ಪಿಯಾನೊ ಸುತ್ತ ಸೇರಿ ಹಾಡುವ ರೂಢಿಯೇ ಮೊದಲ ಪಾಠಶಾಲೆಯಾಯಿತು; ಊರಿನ ಕ್ರೈಸ್ತ ಸನ್ಯಾಸಿನಿಯರು ಪಿಯಾನೊ ಕಲಿಸಿದರು. ಮುಂದೆ ಅವರು ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದರು, ಅಕ್ಕ ಅನ್ನಾ ಚಿತ್ರಕಲೆ ಕಲಿತರು. 1960ರ ದಶಕದಲ್ಲಿ ಇಬ್ಬರೂ ಮಾಂಟ್ರಿಯಲ್‌ನ ‘ಮೌಂಟನ್ ಸಿಟಿ ಫೋರ್’ ಎಂಬ ಜಾನಪದ ಗಾಯನ ತಂಡದಲ್ಲಿ ಹಾಡುತ್ತಿದ್ದರು.

ತಾವು ಸಂಗೀತ ಶಿಕ್ಷಕಿಯಾಗಿರುವುದರಿಂದ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು. ನಮ್ಮ ಭಾವಗೀತೆಯಲ್ಲಿ ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಶಿವಮೊಗ್ಗ ಸುಬ್ಬಣ್ಣ ಅವರಂಥ ಹಿರಿಯ ಗಾಯಕರ ಹೆಚ್ಚುಗಾರಿಕೆ ಇರುವುದೇ ಕವಿಯ ಮಾತನ್ನು ಕೇಳುಗರ ಕಿವಿಗೆ ಸ್ಪಷ್ಟವಾಗಿ ಮುಟ್ಟಿಸುವುದರಲ್ಲಿ. ಕೇಟ್ ಅವರ ಪರಂಪರೆ ಅದಲ್ಲ. ಮಾತು, ಮಟ್ಟು, ದನಿ ಮೂರೂ ಒಬ್ಬರದೇ ಆಗಿರುವ ಆ ಕ್ರಮ ನಮ್ಮ ದಾಸರಿಗೂ ತತ್ತ್ವಪದಕಾರರಿಗೂ ಹತ್ತಿರವಾದದ್ದು. ವಿಚಿತ್ರವೆಂದರೆ, ಈ ಸೋದರಿಯರ ಹಾಡುಗಳು ಮೊದಲು ಪ್ರಸಿದ್ಧವಾದದ್ದು ಬೇರೆಯವರ ದನಿಯಲ್ಲಿ. ಕೇಟ್ ರಚಿಸಿದ ಒಂದು ಹಾಡನ್ನು ಅಮೆರಿಕದ ಗಾಯಕಿ ಮರಿಯಾ ಮಲ್ಡಾರ್ 1973ರಲ್ಲಿ ಹಾಡಿದರು. ಅನ್ನಾ ಅವರ ಹಾಡೊಂದನ್ನು ಲಿಂಡಾ ರಾನ್‌ಸ್ಟಾಟ್ ಎತ್ತಿಕೊಂಡು, 1974ರ ತಮ್ಮ ಆಲ್ಬಂಗೆ ಅದರ ಹೆಸರನ್ನೇ ಇಟ್ಟರು. ಇಷ್ಟಾದ ಮೇಲೆಯೇ ಧ್ವನಿಮುದ್ರಣ ಸಂಸ್ಥೆಯವರು ಹಾಡು ಬರೆದವರನ್ನು ಕರೆದು ಹಾಡಿಸಿದ್ದು. ಸೋದರಿಯರ ಹೆಸರನ್ನೇ ಹೊತ್ತು ಬಂದ ಆ ಮೊದಲ ಆಲ್ಬಂ ಅನ್ನು ಬ್ರಿಟನ್ನಿನ ‘ಮೆಲೋಡಿ ಮೇಕರ್’ ಪತ್ರಿಕೆ 1976ರ ಅತ್ಯುತ್ತಮ ಆಲ್ಬಂ ಎಂದು ಆರಿಸಿತು.

ಪ್ರಶ್ನೆ: ಹಾಗಿದ್ದೂ ಅವರು ದೊಡ್ಡ ತಾರೆಯಾಗಲಿಲ್ಲವೇಕೆ?
— ಓದುಗರು, ಹೊಸನಗರ

ಉತ್ತರ: ಆಲ್ಬಂಗೆ ಮನ್ನಣೆ ಸಿಕ್ಕ ವರ್ಷವೇ ಮಗಳು ಮಾರ್ಥಾ ಹುಟ್ಟಿದಳು, ಮಗ ರೂಫಸ್‌ಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಗಾಯಕ ಲೌಡನ್ ವೇನ್‌ರೈಟ್ ಅವರೊಂದಿಗಿನ ದಾಂಪತ್ಯವೂ ಹೆಚ್ಚು ಕಾಲ ಉಳಿಯಲಿಲ್ಲ. ಕೇಟ್ ಮಾಂಟ್ರಿಯಲ್‌ನಲ್ಲೇ ನಿಂತು ಮಕ್ಕಳನ್ನು ಬೆಳೆಸಿದರು. 1982ರ ಆಲ್ಬಂ ಆದ ಮೇಲೆ ಮುಂದಿನದು ಬಂದದ್ದು 1990ರಲ್ಲಿ. ಗೌರವಗಳಿಗೇನೂ ಕೊರತೆಯಿರಲಿಲ್ಲ: 1993ರಲ್ಲಿ ಸೋದರಿಯರಿಬ್ಬರಿಗೂ ‘ಆರ್ಡರ್ ಆಫ್ ಕೆನಡಾ’ ಸಂದಿತು.

ಪ್ರಶ್ನೆ: ನನ್ನ ಮನೆಮಾತು ತುಳು, ಓದಿದ್ದು ಕನ್ನಡದಲ್ಲಿ. ಎರಡರಲ್ಲೂ ಹಾಡು ಬರೆಯುತ್ತೇನೆ. ಒಂದನ್ನು ಆರಿಸಿಕೋ, ಇಲ್ಲವಾದರೆ ಇಬ್ಬರಿಗೂ ಸಲ್ಲದವನಾಗುತ್ತೀಯ ಎಂದು ಹಿರಿಯರು ಹೇಳುತ್ತಾರೆ. ಕೇಟ್ ಇದನ್ನು ಹೇಗೆ ನಿಭಾಯಿಸಿದರು?
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಹಿರಿಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಕಿಲ್ಲ, ಏಕೆಂದರೆ ಕೇಟ್ ಹಾಡುತ್ತಿದ್ದ ಕ್ವಿಬೆಕ್ ಪ್ರಾಂತ್ಯದಲ್ಲಿ ಭಾಷೆಯ ಪ್ರಶ್ನೆ ನಮ್ಮ ಮಲೆನಾಡಿನಲ್ಲಿರುವುದಕ್ಕಿಂತ ಬಹಳ ಬಿಸಿಯಾಗಿತ್ತು. 1977ರಲ್ಲಿ ಅಲ್ಲಿನ ಸರ್ಕಾರ ಆಡಳಿತ, ಉದ್ಯೋಗ, ಶಿಕ್ಷಣಗಳಲ್ಲಿ ಫ್ರೆಂಚಿಗೆ ಅಗ್ರಸ್ಥಾನ ಕೊಡುವ ಕಾನೂನು ತಂದಿತು. 1980ರ ಮೇ ತಿಂಗಳಲ್ಲಿ, ಕೆನಡಾದಿಂದ ಬೇರೆಯಾಗುವ ದಾರಿಯಲ್ಲಿ ಮಾತುಕತೆ ನಡೆಸಬೇಕೆ ಎಂಬುದರ ಮೇಲೆ ಜನಮತ ಸಂಗ್ರಹವೂ ನಡೆಯಿತು. ಹೆಸರಿನಿಂದ ಇಂಗ್ಲಿಷಿನವರೆಂದೇ ಗುರುತಾಗಬಹುದಾಗಿದ್ದ ಈ ಸೋದರಿಯರು ಪೂರ್ತಿ ಫ್ರೆಂಚ್ ಹಾಡುಗಳ ಆಲ್ಬಂ ಹೊರತಂದದ್ದು ಅದೇ 1980ರಲ್ಲಿ. ಆದರೆ ಅದನ್ನು ಕಾಲಕ್ಕೆ ತಕ್ಕ ಕೋಲವೆಂದು ಕರೆಯಲಾಗದು. ಅವರ ಮೊದಲ ಆಲ್ಬಂನಲ್ಲೇ ಇಂಗ್ಲಿಷ್ ಹಾಡುಗಳ ನಡುವೆ ಒಂದು ಫ್ರೆಂಚ್ ಹಾಡಿತ್ತು, 1977ರ ಎರಡನೆಯದರಲ್ಲಿ ಅವುಗಳ ಸಂಖ್ಯೆ ಹೆಚ್ಚಿತು. ಪೂರ್ತಿ ಫ್ರೆಂಚಿನ ಮತ್ತೊಂದು ಆಲ್ಬಂ ಬಂದದ್ದು 2003ರಲ್ಲಿ.

ನೀವು ಗಮನಿಸಬೇಕಾದದ್ದು ಅವರು ಕೆಲಸ ಮಾಡಿದ ರೀತಿಯನ್ನು. ಎರಡೂ ಭಾಷೆಗಳ ಮೇಲೆ ತಮಗೆ ಸಮಾನ ಹಿಡಿತವಿದೆಯೆಂದು ಅವರು ತೋರಿಸಿಕೊಳ್ಳಲು ಹೋಗಲಿಲ್ಲ. ಫ್ರೆಂಚ್ ಸಾಹಿತ್ಯಕ್ಕೆ ಗೆಳೆಯ ಫಿಲಿಪ್ ಟಾಟಾರ್ಶೆಫ್ ಅವರನ್ನು ಜೊತೆಗೆ ಸೇರಿಸಿಕೊಂಡರು, ಅದನ್ನು ಮರೆಮಾಚಲೂ ಇಲ್ಲ. ಎರಡರಲ್ಲಿ ಬರೆಯುವುದು ತಪ್ಪಲ್ಲ, ಬರಿಯ ಮೆಚ್ಚಿಸುವಿಕೆಗಾಗಿ ಬರೆಯುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ತುಳುವಿನಲ್ಲಿ ಬರೆದದ್ದನ್ನು ನಿಮಗಿಂತ ಚೆನ್ನಾಗಿ ತುಳು ಬಲ್ಲವರಿಗೆ ಓದಿ ತೋರಿಸಿ, ಅವರು ತಿದ್ದಿದರೆ ಬೇಸರಿಸಬೇಡಿ.

ಪ್ರಶ್ನೆ: ನನ್ನ ಅಕ್ಕ ಭಜನಾ ಮಂಡಳಿಯಲ್ಲಿ ಬಹಳ ವರ್ಷಗಳಿಂದ ಹಾಡುತ್ತಿದ್ದಾರೆ, ಕೊಂಕಣಿಯಲ್ಲೂ ಕನ್ನಡದಲ್ಲೂ ಸ್ವತಃ ಪದ ಕಟ್ಟುತ್ತಾರೆ. ಅವರಿಗೀಗ ಕ್ಯಾನ್ಸರ್, ಕಿಮೋಥೆರಪಿ ನಡೆಯುತ್ತಿದೆ. ಹಾಡಿದರೆ ಕಾಯಿಲೆ ಉಲ್ಬಣಿಸುತ್ತದೆ, ಇನ್ನು ನಿಲ್ಲಿಸಲಿ ಎಂದು ನೆಂಟರು ಹೇಳುತ್ತಾರೆ. ಕೇಟ್ ಅವರ ಕಾಯಿಲೆ ಯಾವುದು? ಹಾಡಿದ್ದರಿಂದ ಅವರ ಆಯುಸ್ಸು ಕಡಿಮೆಯಾಯಿತೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಇಲ್ಲ. ಹಾಡುವುದರಿಂದ ಗಡ್ಡೆ ಬೆಳೆಯುವುದಿಲ್ಲ. ನೆಂಟರಿಗೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಕೇಟ್ ಅವರಿಗೆ 2006ರಲ್ಲಿ ಪತ್ತೆಯಾದದ್ದು ಕ್ಲಿಯರ್ ಸೆಲ್ ಸಾರ್ಕೋಮಾ. ಮೂಳೆ, ಸ್ನಾಯು, ಕೊಬ್ಬು, ಸ್ನಾಯುರಜ್ಜುಗಳಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರುಗಳಿಗೆ ಸಾರ್ಕೋಮಾ ಎನ್ನುತ್ತಾರೆ. ವಯಸ್ಕರ ಕ್ಯಾನ್ಸರುಗಳಲ್ಲಿ ಅವುಗಳ ಪಾಲು ಶೇಕಡಾ 1ರಷ್ಟು ಮಾತ್ರ, ಅದರೊಳಗೂ ಇದು ಅಪರೂಪದ್ದು. ಸಾಮಾನ್ಯವಾಗಿ ಪಾದ ಅಥವಾ ಕಣಕಾಲಿನ ಸ್ನಾಯುರಜ್ಜಿನ ಬಳಿ ನಿಧಾನವಾಗಿ ಬೆಳೆಯುವ ಗಂಟಾಗಿ ಕಾಣಿಸಿಕೊಳ್ಳುವುದರಿಂದ ಬಹಳ ದಿನ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೀವಕೋಶದಲ್ಲಿನ 12ನೆಯ ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗುವುದು ಇದರ ಮೂಲ. ಅದಕ್ಕೂ ದುಡಿಮೆಗೂ ದನಿಗೂ ಸಂಬಂಧವಿಲ್ಲ. ಶಸ್ತ್ರಚಿಕಿತ್ಸೆಯೇ ಮುಖ್ಯ ಉಪಾಯ, ಏಕೆಂದರೆ ಕಿಮೋಥೆರಪಿಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ನಿಮ್ಮ ಅಕ್ಕನವರ ಕಾಯಿಲೆ ಬೇರೆ ಬಗೆಯದಾಗಿದ್ದರೆ ಅದರ ಹಾದಿಯೂ ಬೇರೆಯೇ. ಒಬ್ಬರ ಕಥೆಯಿಂದ ಇನ್ನೊಬ್ಬರ ಭವಿಷ್ಯ ಲೆಕ್ಕ ಹಾಕಬಾರದು.

ಕಾಯಿಲೆ ತಿಳಿದ ಮೇಲಿನ ವರ್ಷಗಳಲ್ಲಿ ಕೇಟ್ ಸುಮ್ಮನೆ ಕುಳಿತಿರಲಿಲ್ಲ. 2008ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಆಶ್ರಯದಲ್ಲಿ ಸಾರ್ಕೋಮಾ ಸಂಶೋಧನೆಗಾಗಿ ಅವರ ಹೆಸರಿನಲ್ಲಿ ನಿಧಿಯೊಂದು ಸ್ಥಾಪನೆಯಾಯಿತು. 2009ರ ಡಿಸೆಂಬರಿನಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಕ್ಕಳೊಂದಿಗೆ ವೇದಿಕೆಯೇರಿ, ಹೊಸದಾಗಿ ರಚಿಸಿದ ಹಾಡೊಂದನ್ನು ಹಾಡಿದರು. ರೋಮನ್ ಪುರಾಣದಲ್ಲಿ ಪಾತಾಳಕ್ಕೆ ಒಯ್ಯಲ್ಪಟ್ಟ ಮಗಳಿಗಾಗಿ ಪೈರಿನ ದೇವತೆ ಭೂಮಿಯನ್ನೇ ಬರಡು ಮಾಡುತ್ತಾಳೆ. ಆ ತಾಯಿ ಮಗಳನ್ನು ಮನೆಗೆ ಕರೆಯುವುದೇ ಅದರ ವಸ್ತು. ಕಾಯಿಲೆಯ ಹೆಸರನ್ನೇ ಎತ್ತದೆ ತನಗೆ ಬೇಕಾದದ್ದನ್ನೆಲ್ಲ ಹೇಳಿದ ಆ ಆಯ್ಕೆ ನನಗೆ ಅವರ ಕವಿತ್ವದ ದೊಡ್ಡ ಗುರುತಾಗಿ ಕಾಣುತ್ತದೆ. ಅವರು 2010ರ ಜನವರಿ 18ರಂದು, 63ನೆಯ ವಯಸ್ಸಿನಲ್ಲಿ, ಮಾಂಟ್ರಿಯಲ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಮನೆಯ ವಿಚಾರ. ಅಪಾಯವಿದ್ದರೆ ಅದು ಹಾಡಿನಲ್ಲಿಲ್ಲ, ಜನಸಂದಣಿಯಲ್ಲಿದೆ. ಕಿಮೋಥೆರಪಿ ಕೊಟ್ಟ ಮೇಲೆ, ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ, ರಕ್ತದಲ್ಲಿ ಬಿಳಿ ಕಣಗಳು ತೀರ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಆ ದಿನಗಳಲ್ಲಿ ಕಿಕ್ಕಿರಿದ ಭಜನಾ ಮಂದಿರಕ್ಕೆ ಹೋಗುವುದು ಬೇಡ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿಹುಣ್ಣಾಗಿದ್ದರೆ ಅಥವಾ ರಕ್ತಹೀನತೆಯಿಂದ ಏದುಸಿರು ಬರುತ್ತಿದ್ದರೆ ದನಿ ತಾನೇ ಬೇಡವೆನ್ನುತ್ತದೆ, ಆಗ ಬಲವಂತ ಬೇಡ. ಉಳಿದ ದಿನಗಳಲ್ಲಿ ವೈದ್ಯರನ್ನು ಕೇಳಿಕೊಂಡು, ಕುಳಿತುಕೊಂಡು, ತಾರಸ್ಥಾಯಿಯನ್ನು ತಗ್ಗಿಸಿಕೊಂಡು ಎರಡು ಪದ ಹಾಡಬಹುದು. ಮಂಡಳಿಯ ನಾಲ್ವರು ಮನೆಗೇ ಬಂದರೆ ಇನ್ನೂ ಒಳ್ಳೆಯದು, ಆದರೆ ನೆಗಡಿ ಕೆಮ್ಮು ಇರುವವರು ಬರದಿರಲಿ.

ಕಾಯಿಲೆಯ ಬಗ್ಗೆ ಒಂದು ಪದ ಕಟ್ಟಿರೆಂದು ಅಕ್ಕನವರನ್ನು ಯಾರೂ ಒತ್ತಾಯಿಸಬಾರದು. ಅವರು ಕಟ್ಟಿರುವ ಪದಗಳು ಈಗ ಎಲ್ಲೆಲ್ಲಿವೆ ಎಂದು ಮಾತ್ರ ಕೇಳಿ ನೋಡಿ. ಮಾರ್ಥಾ ತಾಯಿಯ ಆ ಹಾಡನ್ನು 2012ರ ತಮ್ಮ ಆಲ್ಬಂನಲ್ಲಿ ಹಾಡಲು ಸಾಧ್ಯವಾದದ್ದು ಮಾತು ಮತ್ತು ಮಟ್ಟು ಎರಡೂ ಉಳಿದಿದ್ದರಿಂದ. ಭಜನೆಯ ಪದಗಳಲ್ಲಿ ಸಾಹಿತ್ಯ ನೋಟ್‌ಬುಕ್ಕಿನಲ್ಲಿ ಉಳಿದು ಮಟ್ಟು ಕಳೆದುಹೋಗುವುದೇ ಹೆಚ್ಚು. ಅಕ್ಕನವರು ಒಪ್ಪಿದರೆ ಮೊಬೈಲಿನಲ್ಲಿ ಒಂದು ಸಲಕ್ಕೆ ಒಂದೇ ಪದದಂತೆ ಮುದ್ರಿಸಿಕೊಳ್ಳಿ. ಕೊಂಕಣಿಯದ್ದನ್ನು ಕೊಂಕಣಿಯಲ್ಲೇ ಬರೆದು, ತಾಳ ಯಾವುದು, ಪಲ್ಲವಿಗೆ ಎಲ್ಲಿ ಮರಳಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.