ಮೊದಲು ವಾರ್ಡ್ ನೋಡಿ ಬನ್ನಿ

ಓದುಗರ ಪತ್ರ: "ಮಗಳಿಗೆ ಡಾಕ್ಟರ್ ಸೀಟು ಸಿಗಲಿಲ್ಲ. ನರ್ಸಿಂಗ್ ಆದರೂ ಮಾಡಲಿ ಅಂತ ಎರಡು ಕಾಲೇಜು ನೋಡಿ ಬಂದೆವು. ಒಂದರಲ್ಲಿ ಹೊಸ ಕಟ್ಟಡ, ರೋಗಿಗಳ ಬದಲು ಗೊಂಬೆಗಳನ್ನು ಮಲಗಿಸಿರುವ ದೊಡ್ಡ ಲ್ಯಾಬ್, ಚೆಂದದ ಹಾಸ್ಟೆಲ್. ಇನ್ನೊಂದು ಹಳೇ ಕಾಲೇಜು, ಪಕ್ಕದಲ್ಲೇ ಸದಾ ಗಿಜಿಗುಡುವ ಆಸ್ಪತ್ರೆ. ಮನೆಯವರಿಗೆಲ್ಲ ಮೊದಲನೆಯದೇ ಇಷ್ಟ. ನೀವೇನಂತೀರಿ?"
– ಒಬ್ಬ ತಾಯಿ

ಸಂಪಾದಕರ ಉತ್ತರ: ತಾಯೀ, ಕಾಲೇಜಿನ ಮಾತು ಆಮೇಲೆ. ಆ 'ಆದರೂ' ಇದೆಯಲ್ಲ, ಅದರ ಬಗ್ಗೆ ಮೊದಲು ನಿಮ್ಮ ಹತ್ತಿರ ಸ್ವಲ್ಪ ಜಗಳ ಆಡಬೇಕು. ಅದು ನಿಮ್ಮೊಬ್ಬರ ಮಾತಲ್ಲ, ಎಲ್ಲರ ಬಾಯಲ್ಲೂ ಇದೆ, ಗೊತ್ತು. ಆದರೆ ದಿನಾ ಅದನ್ನೇ ಕೇಳಿಸಿಕೊಂಡ ಹುಡುಗಿ ಸೋತವಳ ಹಾಗೆ ತರಗತಿಗೆ ಹೋಗಿ ಕೂರುತ್ತಾಳೆ. ನರ್ಸಿಂಗ್ ಅನ್ನೋದು ಡಾಕ್ಟರಿಕೆಯ ಉಳಿಕೆ ಅಲ್ಲ. ಅದು ಬೇರೆಯದೇ ವಿದ್ಯೆ.

ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ರಾತ್ರಿ ಇನ್ನೂ ಓದುತ್ತಿದ್ದ ಹುಡುಗಿಯೊಬ್ಬಳು ಬಂದು ನಾಡಿ ನೋಡಿ ಕೈ ಬಿಟ್ಟಳು. ಹಿಂದೆ ನಿಂತಿದ್ದ ಹಿರಿಯ ನರ್ಸ್, "ಬಿಡಬೇಡ, ಹಿಡ್ಕೊಂಡೇ ಇರು" ಅಂತ ಮೆಲ್ಲಗೆ ಅಂದರು. ಹುಡುಗಿ ಮತ್ತೆ ಮಣಿಕಟ್ಟು ಹಿಡಿದಳು. ಕಣ್ಣು ಮಾತ್ರ ಅಮ್ಮನ ಎದೆಯ ಮೇಲೆ. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಳು. ಉಸಿರು ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದಂತೆ. ಅದಕ್ಕೇ ನಾಡಿ ನೋಡುವ ನೆಪ. ಲೆಕ್ಕ 28 ಬಂತು. ದೊಡ್ಡವರಿಗೆ ಸಾಮಾನ್ಯವಾಗಿ 12ರಿಂದ 20 ಇರಬೇಕು. ಆ ನರ್ಸ್ ಆಗಲೇ ಡಾಕ್ಟರಿಗೆ ಫೋನ್ ಮಾಡಿದರು. ಅಮ್ಮ ಉಳಿದರು.

ಪಠ್ಯಪುಸ್ತಕದಲ್ಲಿ ಇದು ಒಂದು ಸಾಲು, ಅಷ್ಟೆ. ಅದು ಒಂದು ಕೈಗೆ ಇಳಿದದ್ದನ್ನು ನಾನು ಕಣ್ಣಾರೆ ನೋಡಿದೆ. ಅವತ್ತಿನಿಂದ ಯಾರು ಕೇಳಿದರೂ ನನ್ನದು ಒಂದೇ ಉತ್ತರ: ಕಟ್ಟಡ ಬಿಡಿ, ವಾರ್ಡ್ ನೋಡಿ.

ಆಧುನಿಕ ನರ್ಸಿಂಗಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಮಾಡಿದ್ದೂ ಇದನ್ನೇ. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಅವರ ಹೆಸರಿನಲ್ಲಿ ಶುರುವಾದ ನಿಧಿಗೆ ಜನ ಸುಮಾರು 45 ಸಾವಿರ ಪೌಂಡ್ ಕೊಟ್ಟಿದ್ದರು. ಆ ಕಾಲಕ್ಕೆ ಅದು ದೊಡ್ಡ ಗಂಟು. ಆದರೂ 1860ರಲ್ಲಿ ಅವರ ನರ್ಸಿಂಗ್ ಶಾಲೆ ಶುರುವಾಗಿದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯೊಳಗೆ. ಅಲ್ಲಿ ರೋಗಿಗಳಿದ್ದರು. ಸಾರಾ ವಾರ್ಡ್‌ರೋಪರ್ ಎಂಬ ಗಟ್ಟಿ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ, ಇದ್ದರು. ಯುರೋಪಿಯನ್ ಒಕ್ಕೂಟದ ನಿಯಮ ನೋಡಿ: ನರ್ಸ್ ತರಬೇತಿಗೆ ಕನಿಷ್ಠ 4,600 ಗಂಟೆ, ಅದರಲ್ಲಿ ಅರ್ಧವಾದರೂ ರೋಗಿಗಳ ನಡುವೆ ಕಳೆಯಬೇಕು.

ಗೊಂಬೆಗಳ ಲ್ಯಾಬ್ ಬೇಡವೇ ಬೇಡ ಅಂತ ಹೇಳಲಾರೆ. ಮೊದಲ ಸೂಜಿಯನ್ನು ಗೊಂಬೆಗೆ ಚುಚ್ಚುವುದೇ ಒಳ್ಳೆಯದು. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ವಾರ್ಡಿನ ಅರ್ಧದಷ್ಟು ಗಂಟೆಗಳನ್ನು ಒಳ್ಳೆಯ ಲ್ಯಾಬಿನಲ್ಲಿ ಕಳೆದರೂ ಕಲಿಕೆ ಕಡಿಮೆ ಆಗಲಿಲ್ಲ. ಒಪ್ಪಿದೆ. ಆದರೆ ಅಲ್ಲಿ ಲ್ಯಾಬ್ ನಡೆಸಿದವರು ಅದಕ್ಕೆಂದೇ ತರಬೇತಿ ಪಡೆದ ಶಿಕ್ಷಕರು. ನೀವು ನೋಡಿದ ಕಾಲೇಜಿನಲ್ಲಿ ಆ ಗೊಂಬೆಗಳ ಪಕ್ಕ ಯಾರಿದ್ದರು? ಉಳಿದ ಅರ್ಧದಷ್ಟು ಗಂಟೆಗಳಿಗೆ ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ? ಕೇಳಿದಿರಾ?

ಮತ್ತೊಮ್ಮೆ ಹೋಗಿ ಕೇಳಿ. ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಈ ವರ್ಷಕ್ಕೂ ಇದೆಯಾ ಅಂತ ಕೌನ್ಸಿಲಿನ ಪಟ್ಟಿಯಲ್ಲೇ ನೋಡಿ, ಗೋಡೆಯ ಮೇಲಿನ ಫ್ರೇಮ್ ನಂಬಬೇಡಿ. ಅದಿಲ್ಲದಿದ್ದರೆ ಓದಿದ್ದೆಲ್ಲ ನೀರುಪಾಲು. ವಾರ್ಡಿನಲ್ಲಿ ಒಬ್ಬ ಶಿಕ್ಷಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಹೆರಿಗೆ, ಮಕ್ಕಳು, ಮಾನಸಿಕ ರೋಗ, ತುರ್ತು ಚಿಕಿತ್ಸೆ, ಎಲ್ಲಾ ಕಡೆ ಪೋಸ್ಟಿಂಗ್ ಇದೆಯಾ? ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕರೆದು ಮಾತಾಡಿಸಿ. ಬ್ರೋಷರಿಗಿಂತ ಜಾಸ್ತಿ ತಿಳಿಯುತ್ತದೆ. ಡಿಪ್ಲೊಮಾ, ಡಿಗ್ರಿ ಎರಡೂ ಕೈಗೆಟುಕುವಂತಿದ್ದರೆ ಡಿಗ್ರಿಗೇ ಸೇರಿಸಿ. ಕಾಲೇಜಿನವರು ಸಂದರ್ಶನ ಮಾಡಿದರೆ "ಯಾಕೆ ನರ್ಸಿಂಗ್?" ಅಂತ ಕೇಳಬಹುದು. "ಸೇವೆ ಮಾಡಬೇಕು" ಅಂತ ಉರು ಹೊಡೆಸಬೇಡಿ.

ಈ 'ಸೇವೆ' ಅನ್ನೋ ಪದವೇ ನರ್ಸುಗಳಿಗೆ ಮೋಸ ಮಾಡಿದೆ. ಸೇವೆ ಅಂದ ಕೂಡಲೇ ಸಂಬಳ ಕೇಳಬಾರದು, ರಾತ್ರಿ ಪಾಳಿ ಜಾಸ್ತಿ ಆಯ್ತು ಅನ್ನಬಾರದು, ಅಲ್ವಾ? ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ಆಸ್ಪತ್ರೆಗಳ ಲೆಕ್ಕ ತೆಗೆದರು. ಶಸ್ತ್ರಚಿಕಿತ್ಸೆ ಆದವರನ್ನು ನೋಡಿಕೊಳ್ಳುವ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನದೊಳಗೆ ರೋಗಿ ಸಾಯುವ ಸಂಭವ 7% ಏರುತ್ತಿತ್ತು. ಜಗತ್ತಿಗೆ ಇನ್ನೂ 59 ಲಕ್ಷ ನರ್ಸುಗಳು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಹೀಗಿದ್ದೂ ಮನೆಗೆ ಹೊರಡುವಾಗ ನಾವು ಕೈ ಮುಗಿಯುವುದು ಡಾಕ್ಟರಿಗೆ. ಪತ್ರಿಕೆಗಳಿಗೂ ನರ್ಸುಗಳ ನೆನಪಾಗುವುದು ಮೇ 12ರ ನರ್ಸುಗಳ ದಿನಕ್ಕೆ ಮಾತ್ರ. ಅಮ್ಮನನ್ನು ಉಳಿಸಿದ ಆ ನರ್ಸಿನ ಹೆಸರು ನಾನೂ ಕೇಳಲಿಲ್ಲ. ಆ ಕೊರಗು ಇನ್ನೂ ಹೋಗಿಲ್ಲ.

ಒಂದು ಮಾತು ಬಿಟ್ಟೇ ಹೋಗಿತ್ತು. ನಿಮ್ಮ ಪತ್ರದಲ್ಲಿ ಮನೆಯವರೆಲ್ಲರ ಇಷ್ಟ ಇದೆ, ಮಗಳದ್ದು ಮಾತ್ರ ಇಲ್ಲ. ಆ ಹಳೇ ಕಾಲೇಜಿನವರನ್ನು ಕೇಳಿ, ಅವರು ಒಪ್ಪಿದರೆ ಅವಳನ್ನು ಒಂದು ಮಧ್ಯಾಹ್ನ ವಾರ್ಡಿಗೆ ಕಳಿಸಿ. ನೀವು ಹೊರಗೇ ಕೂತಿರಿ. ಅವಳು ಬಂದು ಏನು ಹೇಳಿದಳು ಅಂತ ನನಗೆ ಬರೆಯಿರಿ. ಅವಳೇ ಬರೆದರೆ ಇನ್ನೂ ಒಳ್ಳೆಯದು.