ಸಮಾಜಶಾಸ್ತ್ರದಲ್ಲಿ ಎಂಎ: ಮೈಸೂರೋ, ದೆಹಲಿಯೋ?

ಕನ್ನಡ ಮಾಧ್ಯಮದಲ್ಲಿ ಬಿಎ ಮುಗಿಸಿದ್ದೀರಿ, ಸಮಾಜಶಾಸ್ತ್ರದ ಎಂಎಗೆ ಮೈಸೂರಿಗೆ ಹೋಗಲೋ ದೆಹಲಿಗೋ ಎಂದು ಕೇಳಿದ್ದೀರಿ. ಮೊದಲು ಒಂದು ಮಾತು ಹೇಳಿ, ಎಂಎ ಆದ ಮೇಲೆ ಏನು ಮಾಡಬೇಕು ಅಂತಿದ್ದೀರಿ?

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಮೈಸೂರು, ಧಾರವಾಡ ಎಲ್ಲಿ ಓದಿದರೂ ನಡೆಯುತ್ತದೆ. ಎಂಎಯಲ್ಲಿ ಶೇ. 55 ಅಂಕ (ಮೀಸಲಾತಿ ಇದ್ದವರಿಗೆ ರಿಯಾಯಿತಿ ಇದೆ), ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದರೆ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ಕರ್ನಾಟಕದ್ದು) ಪಾಸಾಗಿರಬೇಕು. ಅಷ್ಟೇ.

ಸಂಶೋಧನೆಗೆ ಹೋಗುವವರಾದರೆ ಸ್ವಲ್ಪ ಯೋಚಿಸಬೇಕು. ಮೊದಲೆಲ್ಲ ಎಂಎ ಆದ ಮೇಲೆ ಎಂಫಿಲ್ ಅಂತ ಒಂದು ಸಂಶೋಧನಾ ಪದವಿಯ ಮೆಟ್ಟಿಲಿತ್ತು. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದನ್ನು ನಿಲ್ಲಿಸಿತು. ಹಾಗಾಗಿ ಪಿಎಚ್‌ಡಿಗೆ ಮೊದಲು ಕೈ ಪಳಗಲು ಸಿಗುವುದು ಎಂಎಯ ಡಿಸರ್ಟೇಶನ್ (ಕಿರು ಸಂಶೋಧನಾ ಪ್ರಬಂಧ) ಒಂದೇ. ಸೇರುವ ಕಡೆ ಅದು ಇದೆಯಾ, ಫೀಲ್ಡ್‌ವರ್ಕ್‌ಗೆ ನಿಜವಾಗಿ ಊರೂರಿಗೆ ಕಳಿಸುತ್ತಾರಾ ಅಥವಾ ಹಳೇ ಪ್ರತಿ ತಿದ್ದಿ ಬೈಂಡ್ ಮಾಡಿಸುವುದಾ, ವಿಚಾರಿಸಿ.

ನಾನು ಹೆಸರು ನೋಡಿ ಸೇರಿದವನು. ಯಾವ ವಿಶ್ವವಿದ್ಯಾಲಯ ಅಂತ ಬೇಡ ಬಿಡಿ. ವೆಬ್‌ಸೈಟಿನಲ್ಲಿ ಇಬ್ಬರು ಪ್ರಾಧ್ಯಾಪಕರ ಹೆಸರಿತ್ತು, ಅವರಿಗಾಗಿಯೇ ಹೋದೆ. ಹೋಗಿ ನೋಡಿದರೆ ಒಬ್ಬರು ನಿವೃತ್ತರಾಗಿದ್ದರು, ಇನ್ನೊಬ್ಬರು ದೀರ್ಘ ರಜೆಯಲ್ಲಿದ್ದರು. ಎರಡು ವರ್ಷ ಅತಿಥಿ ಉಪನ್ಯಾಸಕರು ನೋಟ್ಸ್ ಬರೆಸಿದರು. ಪಾಪ, ಅವರದೇನೂ ತಪ್ಪಿಲ್ಲ, ಸಂಬಳವೇ ಸರಿಯಾಗಿ ಬರುತ್ತಿರಲಿಲ್ಲ.

ದೆಹಲಿ ವಿಶ್ವವಿದ್ಯಾಲಯ, ಜೆಎನ್‌ಯು ಎರಡಕ್ಕೂ ಈಗ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ, ಕನ್ನಡದಲ್ಲಿ ಇಲ್ಲ. ಸೇರಿದ ಮೇಲೂ ಮೊದಲ ವರ್ಷ ಕಷ್ಟವೇ. ವಾರಕ್ಕೆ ನೂರಾರು ಪುಟ ಇಂಗ್ಲಿಷ್ ಓದಬೇಕು. ಈಗಿನಿಂದಲೇ ದಿನಕ್ಕೆ ಹತ್ತು ಪುಟ ಓದುವ ಅಭ್ಯಾಸ ಮಾಡಿಕೊಳ್ಳಿ.

ಆದರೆ ಕನ್ನಡ ಮಾಧ್ಯಮ ಅಂತ ಕುಗ್ಗಬೇಡಿ. ಹಳ್ಳಿಯ ಜಗಲಿ ಮೇಲೆ ಕೂತು ಜನರ ಜೊತೆ ಮಾತಾಡುವಾಗ ನಿಮ್ಮ ಕನ್ನಡವೇ ನಿಮ್ಮ ಬಂಡವಾಳ. ದೆಹಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು 1959ರಲ್ಲಿ ಕಟ್ಟಿದ ಎಂ.ಎನ್. ಶ್ರೀನಿವಾಸ್ ಮೈಸೂರಿನವರೇ, ಅಲ್ವಾ? 1948ರಲ್ಲಿ ಅಧ್ಯಯನಕ್ಕೆಂದು ಅವರು ಹೋಗಿ ಉಳಿದದ್ದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ. 'ರಾಂಪುರ' ಅಂತ ಅವರೇ ಅದಕ್ಕೆ ಇಟ್ಟ ಹೆಸರು. ಆ ಹಳ್ಳಿಯ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ವಿಂಗಡಿಸಿಟ್ಟಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಪುಸ್ತಕ ಬರೆದರು.

ನನ್ನನ್ನು ಕೇಳಿದರೆ, ಮೈಸೂರಿನಲ್ಲಿ ಎಂಎ ಮಾಡಿ ಪಿಎಚ್‌ಡಿಗೆ ಹೊರಗೆ ಹೋಗುವುದೂ ಒಳ್ಳೆಯ ದಾರಿಯೇ. ಬೆಂಗಳೂರಿನ ನಾಗರಭಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್‌ನಲ್ಲೂ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಬಹುದು. ಸುಮ್ನೆ ದೆಹಲಿ ಅನ್ನುವ ಹೆಸರಿಗೆ ಸಾಲ ಮಾಡಿಕೊಂಡು ಹೋಗಬೇಡಿ.

ಅರ್ಜಿ ಹಾಕುವ ಮೊದಲು ಒಂದು ದಿನ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಹೋಗಿ ಬನ್ನಿ. ಎರಡನೇ ವರ್ಷದವರ ಜೊತೆ ಟೀ ಕುಡಿಯುತ್ತಾ, ಈ ಸೆಮಿಸ್ಟರ್‌ನಲ್ಲಿ ಯಾವ ಪುಸ್ತಕ ಓದಿದಿರಿ ಅಂತ ಕೇಳಿ. ಪುಸ್ತಕದ ಹೆಸರು ಬಂದರೆ ಅರ್ಜಿ ಹಾಕಿ. ಜೆರಾಕ್ಸ್ ಅಂಗಡಿಯ ಹೆಸರು ಬಂದರೆ ಇನ್ನೊಂದು ಕಡೆ ನೋಡಿ.