ಜಾಗಟೆ ಬಾರಿಸುತ್ತಿದ್ದ ಪೈಲ್ವಾನ

ಮೈಸೂರಿನ ಓದುಗರೊಬ್ಬರ ಪತ್ರ: “ಅರವತ್ತರ ದಶಕದಲ್ಲಿ ಬೆಂಗಳೂರು ದಂಡಿನ ಟಾಕೀಸುಗಳಲ್ಲಿ ಇಂಗ್ಲಿಷ್ ಚಿತ್ರ ಶುರುವಾಗುವ ಮುಂಚೆ ಬರಿಮೈ ಪೈಲ್ವಾನನೊಬ್ಬ ಆಳೆತ್ತರದ ಜಾಗಟೆ ಬಾರಿಸುತ್ತಿದ್ದ. ಯಾರವನು? ಆ ಕಂಪನಿಯನ್ನು ಟಿ.ವಿ. ನುಂಗಿಹಾಕಿತಂತೆ, ಹೌದೇ?”

ಉತ್ತರ: ನೀವು ನೋಡಿದ್ದು ಕೆನ್ ರಿಚ್ಮಂಡ್ ಅವರನ್ನೇ ಇರಬೇಕು. ಅಸಲಿ ಕುಸ್ತಿಪಟು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. ನಮ್ಮ ಖಾಶಾಬಾ ಜಾಧವ್ ಕಂಚು ತಂದದ್ದೂ ಅದೇ ಕೂಟದಲ್ಲಿ. ಆದರೆ ತೆರೆಯ ಮೇಲಿನ ಜಾಗಟೆ ಹುಸಿ, ಹೊಡೆದರೆ ಮೊಳಗುವಂಥದ್ದಲ್ಲ. ನಮ್ಮ ಕಿವಿ ತುಂಬಿದ ಆ ನಾದ ಜೇಮ್ಸ್ ಬ್ಲೇಡ್ಸ್ ಎಂಬ ವಾದ್ಯಗಾರರು ಬೇರೆ ಜಾಗಟೆ ನುಡಿಸಿ ಮುದ್ರಿಸಿಕೊಟ್ಟದ್ದು.

ಆ ಜಾಗಟೆಯನ್ನು ಲಾಂಛನ ಮಾಡಿಕೊಂಡ ಸಿನಿಮಾ ಕಂಪನಿ ಬ್ರಿಟನ್ನಿನ ಜೆ. ಆರ್ಥರ್ ರ‍್ಯಾಂಕ್ ಅವರದು. ಹಿಟ್ಟಿನ ಗಿರಣಿಯ ಮನೆತನ, ಕ್ರೈಸ್ತರ ಮೆಥಡಿಸ್ಟ್ ಪಂಥದ ದೈವಭಕ್ತ, ಭಾನುವಾರದ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಧರ್ಮಬೋಧೆ ಮಾಡಲು ಸಿನಿಮಾ ಹಿಡಿದವರು. 1934ರಲ್ಲಿ ಅವರ ಜೊತೆ ಹಣ ಹೂಡಿದ ಲೇಡಿ ಯೂಲ್, ಕಲ್ಕತ್ತೆಯ ಸೆಣಬಿನ ದೊರೆ ಡೇವಿಡ್ ಯೂಲ್ ಅವರ ವಿಧವೆ. ಮರುವರ್ಷ ಯಾರ್ಕ್‌ಶೈರ್ ಮೀನುಗಾರರ ಕಥೆ ಚಿತ್ರವಾಯಿತು. ಚಿತ್ರ ಚೆನ್ನಾಗಿತ್ತು, ಆದರೆ ತೋರಿಸಲು ಒಳ್ಳೆಯ ಚಿತ್ರಮಂದಿರ ಸಿಗಲಿಲ್ಲ. ಗಿರಣಿ ಇದ್ದರೆ ಸಾಲದು, ಅಂಗಡಿಯೂ ನಮ್ಮದೇ ಇರಬೇಕು ಎಂಬುದು ಅವರಿಗೆ ಮನದಟ್ಟಾದದ್ದು ಆಗ. 1936ರಲ್ಲಿ ಪೈನ್‌ವುಡ್ ಸ್ಟುಡಿಯೊ ತೆರೆಯಿತು. 1941ರಲ್ಲಿ ಗೋಮಾಂಟ್ ಬ್ರಿಟಿಷ್, ಓಡಿಯನ್ ಎರಡೂ ಸರಪಳಿಗಳು ಕೈಸೇರಿ, ಆರುನೂರಕ್ಕೂ ಹೆಚ್ಚು ಚಿತ್ರಮಂದಿರಗಳ ಬೀಗದಕೈ ಅವರ ಸೊಂಟಕ್ಕೆ ಬಿತ್ತು.

ನಾನು ಈ ಮನುಷ್ಯನನ್ನು ಮೆಚ್ಚುವುದು ಮುಂದಿನ ಕೆಲವು ವರ್ಷಗಳಿಗಾಗಿ. ತನಗೆ ಸಿನಿಮಾ ಮಾಡುವುದು ತಿಳಿಯದೆಂದು ಒಪ್ಪಿಕೊಂಡು, ಡೇವಿಡ್ ಲೀನ್, ಪೊವೆಲ್–ಪ್ರೆಸ್‌ಬರ್ಗರ್ ಅಂಥ ನಿರ್ದೇಶಕರ ಕೈಗೆ ದುಡ್ಡು ಕೊಟ್ಟು ಸುಮ್ಮನಿದ್ದರು. ಹಿಮಾಲಯದ ಕಾನ್ವೆಂಟಿನ ಕಥೆಯಾದ ‘ಬ್ಲ್ಯಾಕ್ ನಾರ್ಸಿಸಸ್’ (1947) ಅಂಥ ಫಲ. ಅದಕ್ಕಾಗಿ ಯಾರೂ ಇಂಡಿಯಾಕ್ಕೆ ಬರಲಿಲ್ಲ. ಗಾಜಿನ ಮೇಲೆ ಬಣ್ಣ ಬಳಿದು ಪೈನ್‌ವುಡ್‌ನಲ್ಲೇ ಬೆಟ್ಟ, ಕಮರಿ ಎಬ್ಬಿಸಿದರು. ಅದರಲ್ಲಿ ರತ್ನಖಚಿತ ಉಡುಪಿನಲ್ಲಿ ಮೆರೆದ ರಾಜಕುಮಾರ ನಿಮ್ಮೂರ ಸೀಮೆಯವರೇ: ಕಾರಾಪುರದ ಮಾವುತನ ಮಗ ಸಾಬು.

ಇನ್ನು ಟಿ.ವಿ. ಮಾತು. ಅರ್ಧ ನಿಜ. 1946ರಲ್ಲಿ ಬ್ರಿಟನ್ನಿನಲ್ಲಿ 163 ಕೋಟಿ ಟಿಕೆಟ್ ಮಾರಾಟವಾಗಿತ್ತು. 1984ಕ್ಕೆ ಅದು ಸುಮಾರು 5.4 ಕೋಟಿಗೆ ಇಳಿಯಿತು. ಆದರೆ ಮೊದಲ ಪೆಟ್ಟು ಬಿದ್ದಾಗ ಹೆಚ್ಚಿನ ಮನೆಗಳಲ್ಲಿ ಟಿ.ವಿ.ಯೇ ಇರಲಿಲ್ಲ. ಡಾಲರ್ ಉಳಿಸಲೆಂದು ಸರ್ಕಾರ 1947ರ ಆಗಸ್ಟ್‌ನಲ್ಲಿ ವಿದೇಶಿ ಚಿತ್ರಗಳ ಮೇಲೆ ಶೇ. 75 ಸುಂಕ ಹೇರಿತು. ಹಾಲಿವುಡ್ ಹೊಸ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. ಖಾಲಿ ತೆರೆ ತುಂಬಲು ರ‍್ಯಾಂಕ್ ಅವಸರವಸರವಾಗಿ ಚಿತ್ರಗಳಿಗೆ ಸಾಲದ ಹಣ ಸುರಿದರು. 1948ರ ಮಾರ್ಚ್‌ನಲ್ಲಿ ಸರ್ಕಾರ ರಾಜಿಯಾಯಿತು, ಕಟ್ಟಿಟ್ಟಿದ್ದ ಹಾಲಿವುಡ್ ಚಿತ್ರಗಳೆಲ್ಲ ಕಟ್ಟೆಯೊಡೆದ ನೀರಿನಂತೆ ನುಗ್ಗಿದವು. 1949ರ ಹೊತ್ತಿಗೆ ಬ್ಯಾಂಕ್ ಸಾಲ 1.6 ಕೋಟಿ ಪೌಂಡ್.

ಆಮೇಲೆ ಯಜಮಾನಿಕೆ ಲೆಕ್ಕಿಗ ಜಾನ್ ಡೇವಿಸ್ ಕೈಗೆ ಹೋಯಿತು. ಸಾಲ ತೀರಿಸಿದ್ದು ಅವರೇ, ಆ ಶ್ರೇಯಸ್ಸು ಅವರಿಗಿರಲಿ. ಆದರೆ ಚಿತ್ರದ ಗುಣ ಗುರುತಿಸುವ ಕಣ್ಣು ಅಲ್ಲಿ ಉಳಿಯಲಿಲ್ಲ ಎಂದೇ ನನ್ನ ಅಭಿಪ್ರಾಯ. ಸ್ವಂತ ಮಂದಿರಗಳಿದ್ದೂ ಪೊವೆಲ್–ಪ್ರೆಸ್‌ಬರ್ಗರ್ ಅವರ ‘ದಿ ರೆಡ್ ಶೂಸ್’ ಚಿತ್ರವನ್ನು ಸದ್ದಿಲ್ಲದೆ ಬಿಡುಗಡೆ ಮಾಡಿದರು; ನ್ಯೂಯಾರ್ಕಿನ ಒಂದೇ ಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಪೊವೆಲ್, ಪ್ರೆಸ್‌ಬರ್ಗರ್, ಲೀನ್ ಒಬ್ಬೊಬ್ಬರಾಗಿ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರ ಕಂಪನಿಗೆ ಹೊರಟುಹೋದರು. ಕಂಪನಿಗೆ ಮುಂದೆ ಲಾಭ ತಂದದ್ದು 1956ರಲ್ಲಿ ಶುರುವಾದ ರ‍್ಯಾಂಕ್ ಜೆರಾಕ್ಸ್ ಯಂತ್ರಗಳು. 1980ರಲ್ಲಿ ಚಿತ್ರ ನಿರ್ಮಾಣ ನಿಂತಿತು, 2000ದಲ್ಲಿ ಓಡಿಯನ್, ಪೈನ್‌ವುಡ್ ಎರಡೂ ಮಾರಾಟವಾದವು.

ಹೆಸರು ಇಂದಿಗೂ ಇದೆ, ಕ್ಯಾಸಿನೊ ಮತ್ತು ಬಿಂಗೊ ನಡೆಸುವ ಸಂಸ್ಥೆಯ ಮೇಲೆ. ಜೂಜನ್ನು ಪಾಪವೆಂದು ಬಗೆವ ಪಂಥದಲ್ಲಿ ಬೆಳೆದ ಆ ಮೇಷ್ಟ್ರನ್ನು ನೆನೆದಾಗ ನನಗೆ ಸಂಕಟವಾಗುತ್ತದೆ. ಪೈನ್‌ವುಡ್‌ನಲ್ಲಿ ಮಾತ್ರ ಈಗಲೂ ಚಿತ್ರೀಕರಣ ನಡೆಯುತ್ತಿದೆ.